ಬೋಡಿಯ ಏಲಕ್ಕಿಗೆ ಬಂದ ಕಷ್ಟಕಾಲ

ತೇನಿ ಜಿಲ್ಲೆಯ ಬೋಡಿನಾಯಕನೂರು ಏಲಕ್ಕಿ ಪೇಟೆಗೆ ಹೆಸರಾದ ಊರು. ಮನೆಯೊಳಗೆ ಇಂದಿಗೂ ಕನ್ನಡವಾಡುವ ಕಪ್ಪಿಲಿಯರು ಕಂಬಂ ಕಣಿವೆಯಲ್ಲಿದ್ದಾರೆಂಬುದು ನಮ್ಮ ಓದುಗರಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ತಮಿಳಿನಲ್ಲಿ ಏಲಕ್ಕಿಗೂ ‘ಏಲಂ’, ಹರಾಜಿಗೂ ‘ಏಲಂ’. ಬೋಡಿಗೆ ಒಪ್ಪುವ ಮಾತೇ!

1956ರಲ್ಲಿ ದೇವಿಕುಳಂ, ಪೀರುಮೇಡು ಕೇರಳದ ಪಾಲಾದವು. ತೋಟ ಘಟ್ಟದ ಮೇಲೆ ಆ ರಾಜ್ಯದಲ್ಲಿ, ಮಂಡಿ ಕೆಳಗೆ ಈ ರಾಜ್ಯದಲ್ಲಿ. ಬೋಡಿಯಲ್ಲಿ ಕಾಲೇಜನ್ನೇ ಕಟ್ಟಿದ ಏಲಕ್ಕಿ ಬೆಳೆಗಾರರ ಸಂಘವೂ ಜಮೀನಿನ ವಿಷಯಕ್ಕೆ ತಿರುವನಂತಪುರ, ವ್ಯಾಪಾರದ ತೆರಿಗೆಗೆ ಮದರಾಸು, ರಫ್ತಿಗೆ ದೆಹಲಿ ಎಂದು ಮೂರು ಬಾಗಿಲು ನೋಡಬೇಕಾದ ಸ್ಥಿತಿ.

1914ರಲ್ಲಿ ಜರ್ಮನ್ ತೋಟಗಾರನೊಬ್ಬ ಗ್ವಾಟೆಮಾಲದಲ್ಲಿ ನೆಟ್ಟ ಏಲಕ್ಕಿ 1980ರ ದಶಕದಲ್ಲಿ ನಮ್ಮ ಅರಬ್ ಗಿರಾಕಿಗಳನ್ನು ಸೆಳೆದುಕೊಂಡಿತು. 1985-86ರಲ್ಲಿ 3,000 ಟನ್ ದಾಟಿದ್ದ ಭಾರತದ ರಫ್ತು 1989-90ರಲ್ಲಿ 200 ಟನ್ನಿಗಿಂತ ಕೆಳಗಿಳಿಯಿತು. ಈ ನಡುವೆಯೇ, 1987ರಲ್ಲಿ, ಏಲಕ್ಕಿಗೆಂದೇ ಇದ್ದ ಮಂಡಳಿ ಸಂಬಾರ ಮಂಡಳಿಯೊಳಗೆ ಸೇರಿಹೋಯಿತು. ಅದಕ್ಕೆ ಅದು ಸಮಯವಲ್ಲವೆಂದೇ ನನ್ನ ಅಭಿಪ್ರಾಯ. ದರ ಬಿದ್ದರೆ ಅಡವಿಟ್ಟ ಮೂಟೆಯ ಬೆಲೆಯೂ ಬೀಳುತ್ತದೆ, ಸಾಲದ ಬಾಕಿ ಹಾಗೇ ನಿಲ್ಲುತ್ತದೆ. ಬ್ಯಾಂಕಿನ ಲೆಡ್ಜರ್ ಬರೆಯುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮುಂದೆ ಕೈಹಿಡಿದದ್ದು ದೇಶದೊಳಗಿನ ಗಿರಾಕಿ, ಮತ್ತು ಇಡುಕ್ಕಿಯ ರೈತರೊಬ್ಬರು ತಮ್ಮ ತೋಟದಲ್ಲೇ ಆರಿಸಿ ಬೆಳೆಸಿದ ‘ಞಳ್ಳಾನಿ’ ತಳಿ. 2007ರಲ್ಲಿ ಬೋಡಿಯ ಹರಾಜು ಕಂಪ್ಯೂಟರಿಗೆ ಬಂತು.