ಸೂಜಿಯೂ ಪುಸ್ತಕವೂ

ಚರಿತ್ರೆಯೆಂದರೆ ಅರಸರ ಪಟ್ಟಾಭಿಷೇಕ, ಯುದ್ಧ, ಸಂಧಿ, ದಾನಶಾಸನ ಇವುಗಳ ವೃತ್ತಾಂತವೆಂದು ತಿಳಿಯುವುದು ವಾಡಿಕೆ. ದುಡಿಮೆ ಮುಗಿದ ಮೇಲೆ ಉಳಿದ ಹೊತ್ತನ್ನು ಜನರು ಹೇಗೆ ಕಳೆದರೆಂಬುದನ್ನು ಶಾಸನಗಳು ಹೇಳಲಾರವು. ಹೆಂಗಸರ ಬಿಡುವಿನ ವಿಚಾರದಲ್ಲಂತೂ ಮೌನವೇ ಹೆಚ್ಚು. ಆದರೆ ಮಧ್ಯಾಹ್ನದ ಊಟ ಮುಗಿದು ಸಂಜೆಯ ಒಲೆ ಹೊತ್ತುವುದರೊಳಗಾಗಿ ದೊರೆಯುತ್ತಿದ್ದ ಆ ನಾಲ್ಕಾರು ಗಳಿಗೆಗಳಿಗೂ ಒಂದು ಚರಿತ್ರೆಯುಂಟು. ಆ ಹೊತ್ತಿನ ಸಂಗಾತಿಗಳು ಎರಡು: ಮೊದಲು ಸೂಜಿ, ಅದಕ್ಕೆ ಬಹುಕಾಲದ ಮೇಲೆ ಪುಸ್ತಕ.

ಸೂಜಿಯ ಕೆಲಸದಲ್ಲಿ ನಮ್ಮ ನಾಡಿನ ಹೆಮ್ಮೆಯೆಂದರೆ ಧಾರವಾಡ ಸೀಮೆಯ ಕಸೂತಿ. ಕೈಯಿಂದ ಮಾಡುವ ನೂಲಿನ ಕೆಲಸವಾದುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಇಳಕಲ್ಲಿನ ಸೀರೆಯ ಸೆರಗು, ಖಣದ ಕುಪ್ಪಸ, ಕೂಸಿನ ಕುಂಚಿಗೆ ಇವೇ ಇದರ ಕ್ಷೇತ್ರ. ತೇರು, ಗೋಪುರ, ತುಳಸಿಯ ಬೃಂದಾವನ, ಅಂಬಾರಿಯ ಆನೆ, ನಂದಿ, ನವಿಲು, ಗಿಳಿ, ತೊಟ್ಟಿಲು, ಹೀಗೆ ಗುಡಿಯಲ್ಲಿ, ಬೀದಿಯಲ್ಲಿ, ಮನೆಯಂಗಳದಲ್ಲಿ ಕಂಡುದೆಲ್ಲವೂ ಬಟ್ಟೆಯ ಮೇಲೆ ಮೂಡುತ್ತಿದ್ದುವು.

ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿಯಲ್ಲಿ ಗೆರೆ ನೇರವಾಗಿ ಸಾಗುತ್ತದೆ; ಮುರಗಿಯಲ್ಲಿ ಮೆಟ್ಟಿಲಿನಂತೆ ಏರಿಳಿಯುತ್ತದೆ; ನೇಗಿ ನೇಯ್ಗೆಯನ್ನೇ ಹೋಲುತ್ತದೆ. ನಾಲ್ಕನೆಯದು ಮೆಂತಿ. ಒಂದು ಓರೆಗೆರೆಯನ್ನು ಮತ್ತೊಂದು ಓರೆಗೆರೆಯಿಂದ ಕತ್ತರಿಸುವ ಈ ಹೊಲಿಗೆಯನ್ನೇ ಇಂಗ್ಲಿಷರು ಕ್ರಾಸ್ ಸ್ಟಿಚ್ ಎಂದು ಕರೆಯುತ್ತಾರೆ. ನಮ್ಮವರ ಕಣ್ಣಿಗೆ ಅದು ಮೆಂತ್ಯದ ಕಾಳಿನಂತೆ ಕಂಡಿತು. ಅಡಿಗೆಮನೆಯ ಡಬ್ಬಿಯಿಂದ ಕಲೆಗೆ ಹೆಸರು ಬಂದುದರಲ್ಲಿಯೇ ಅದು ಯಾರ ಕೈಯಲ್ಲಿ ಬೆಳೆಯಿತೆಂಬುದು ಸ್ಪಷ್ಟವಾಗಿದೆ.

ಈ ಕೆಲಸಕ್ಕೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕುಗಳ ಎಳೆಯನ್ನು ಎಣಿಸಿಯೇ ಸೂಜಿ ಹಾಕಬೇಕು. ಗವಂತಿಯಲ್ಲಿ ಹೋಗುವಾಗ ಎಡೆಬಿಟ್ಟು ಹೊಲಿದು, ಹಿಂದಿರುಗುವಾಗ ಬಿಟ್ಟ ಎಡೆಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ಸೇರಬೇಕು. ಗಂಟು ಕಾಣಕೂಡದು, ಬಟ್ಟೆಯ ಒಳಮೈ ಹೊರಮೈಗಳೆರಡೂ ಒಂದೇ ಸಮನಾಗಿರಬೇಕು. ನಡುವೆ ಒಂದು ಎಳೆ ತಪ್ಪಿದರೂ ಗೋಪುರದ ಕಳಸ ನಡುವಿಗೆ ಬಾರದು. ಹೀಗಿರಲಾಗಿ, ಇದನ್ನು ಮಾಡಿದವರನ್ನು ಅನಕ್ಷರಸ್ಥರೆಂದು ಹೇಳಬಹುದಾದರೂ ಅವಿದ್ಯಾವಂತರೆನ್ನುವುದು ಸಲ್ಲದು. ಎಣಿಕೆ, ಜ್ಞಾಪಕ, ಮುಂದಾಲೋಚನೆ ಈ ಮೂರೂ ತಾಯಿಯಿಂದ ಮಗಳಿಗೆ ಪಾಠವಾಗಿ ಬಂದ ವಿದ್ಯೆಯೇ ಸರಿ.

ಪುಸ್ತಕದ ಕಥೆ ಬೇರೆ. ಭಾರತ ರಾಮಾಯಣಗಳನ್ನು ಹೆಂಗಸರು ಬಹುಕಾಲ ಓದಲಿಲ್ಲ, ಕೇಳಿದರು. ಗಮಕಿಯೊಬ್ಬನು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಓದುತ್ತಿದ್ದರೆ ಕಿವಿ ಕಥೆಯಲ್ಲಿ ನೆಟ್ಟಿರುತ್ತಿತ್ತು. ಕೈಗೆ ಹೂ ಕಟ್ಟುವುದೋ ಬತ್ತಿ ಹೊಸೆಯುವುದೋ ಇದ್ದೇ ಇರುತ್ತಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ರಚಿಸಿದಳೆಂಬುದು ನಿಜ. ಆದರೆ ಅಂಥವರು ವಿರಳ.

ಸೂಜಿಗೆ ದೊರೆತ ಅನುಮತಿ ಪುಸ್ತಕಕ್ಕೆ ಏಕೆ ದೊರೆಯಲಿಲ್ಲ? ಹೊಲಿಗೆಗೆ ಕಾಣುವ ಫಲವುಂಟು. ಸಂಜೆಯ ವೇಳೆಗೆ ಕುಂಚಿಗೆಯ ಮೇಲೊಂದು ಗಿಳಿ ಕುಳಿತಿರುತ್ತದೆ. ಓದಿದವಳು ಏನನ್ನು ತೋರಿಸಬಲ್ಲಳು? ಅವಳ ಗಳಿಕೆಯೆಲ್ಲವೂ ಮನಸ್ಸಿನ ಒಳಗೆ. ಅದು ಮನೆಯವರ ಕಣ್ಣಿಗೆ ಬೀಳದು. ಕಣ್ಣಿಗೆ ಬೀಳದುದರ ವಿಷಯವಾಗಿ ಸಂಶಯ ಹುಟ್ಟುವುದು ಸಹಜ. ಓದುಬರಹ ಕಲಿತ ಹೆಣ್ಣಿಗೆ ವೈಧವ್ಯ ಬರುವುದೆಂಬ ಮೂಢನಂಬಿಕೆಯೂ ದೇಶದ ಹಲವೆಡೆ ಇದ್ದಿತು. ಮೈಸೂರಿನಲ್ಲಿ 1881ರಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿಯವರ ಪಾಠಶಾಲೆ ತೆರೆದಾಗ, ಅದು ಎದುರಿಸಬೇಕಾಗಿದ್ದುದು ಈ ಬಗೆಯ ಭಯವನ್ನು.

ವಿಧಿಯ ವ್ಯಂಗ್ಯವೆಂದರೆ, ವೈಧವ್ಯವೇ ಒಬ್ಬಳನ್ನು ಪುಸ್ತಕದತ್ತ ಕರೆದೊಯ್ದಿತು. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬಾ ಬಾಲ್ಯದಲ್ಲಿಯೇ ವಿಧವೆಯಾದರು. ತವರಿನಲ್ಲಿ ಉಳಿದ ಆ ಹುಡುಗಿಗೆ ಓದು ಆಸರೆಯಾಯಿತು. 1913ರಲ್ಲಿ ಅವರು ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದರು; ತಾವೇ ಬರೆದರು, ತಾವೇ ಪ್ರಕಟಿಸಿದರು; ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1921ರಿಂದ ‘ಸರಸ್ವತಿ’ಯನ್ನು ಹೊರಡಿಸಿದರು. ಇತ್ತ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಸಿದ್ದರು; ಅತ್ತ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರಿನಲ್ಲಿ ಮಾರಿದರು. ಪುಸ್ತಕ ಹೀಗೆ ಮನೆಯ ಬಾಗಿಲಿಗೆ ಬಂದಿತು. ಮುಂದೆ ಎಂ. ಕೆ. ಇಂದಿರಾ, ಹನ್ನೆರಡನೆಯ ವಯಸ್ಸಿಗೇ ಮದುವೆಯಾಗಿ ಶಾಲೆ ಬಿಟ್ಟವರು, ನಲವತ್ತು ದಾಟಿದ ಮೇಲೆ ಲೇಖನಿ ಹಿಡಿದು 1963ರಲ್ಲಿ ‘ತುಂಗಭದ್ರ’ವನ್ನು ಕೊಟ್ಟರು. ಗೃಹಿಣಿಯ ಬಿಡುವಿನ ಓದಿನಲ್ಲಿ ಎಂತಹ ಬೀಜ ಅಡಗಿರಬಹುದೆಂಬುದಕ್ಕೆ ಇದೊಂದು ನಿದರ್ಶನ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1598ರ ಒಂದು ಕಸೂತಿಯ ತುಣುಕಿದೆ. ಅಕ್ಷರಮಾಲೆಯೊಡನೆ ಅದನ್ನು ಹೊಲಿದ ಜೇನ್ ಬೋಸ್ಟಾಕ್ ಎಂಬಾಕೆಯ ಹೆಸರೂ ಅದರ ಮೇಲಿದೆ. ತೇದಿಯುಳ್ಳ ಬ್ರಿಟಿಷ್ ಮಾದರಿಗಳಲ್ಲಿ ತಿಳಿದಿರುವಷ್ಟರಲ್ಲಿ ಅದೇ ಅತ್ಯಂತ ಹಳೆಯದು. ನಮ್ಮ ಕಸೂತಿಯಲ್ಲಿ ಹೆಸರು ಹೊಲಿಯುವ ಸಂಪ್ರದಾಯವಿಲ್ಲ. ತೇರಿದೆ, ಆನೆಯಿದೆ, ಅವುಗಳನ್ನು ಮೂಡಿಸಿದ ಕೈ ಯಾರದೆಂಬುದಿಲ್ಲ. ಸೀರೆ ಹರಿದಂದು ಅವಳ ನೆನಪೂ ಹರಿಯಿತು. ತಿರುಮಲಾಂಬಾರಂತಹವರು ಉಳಿದುದು ಅವರ ಹೆಸರು ಅಚ್ಚಾದುದರಿಂದ. ಅಕ್ಷರವು ಹೆಂಗಸಿಗೆ ಜ್ಞಾನವನ್ನಷ್ಟೇ ಅಲ್ಲ, ಹೆಸರನ್ನೂ ಕೊಟ್ಟಿತು.

ಆದುದರಿಂದ ಪುಸ್ತಕ ಮೇಲು, ಸೂಜಿ ಕೀಳು ಎಂದು ತೀರ್ಮಾನಿಸಲಾಗದು. ಎಣಿಸುವ ತಾಳ್ಮೆಯಿಲ್ಲದವನಿಗೆ ಓದೂ ಹತ್ತುವುದಿಲ್ಲ. ಎರಡಕ್ಕೂ ಬೇಕಾದುದು ಒಂದೇ: ಯಾರೂ ಕರೆಯದ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಸ್ವಲ್ಪ ಹೊತ್ತು. ಇಂದು ಯಂತ್ರವು ಕಸೂತಿಯನ್ನು ಅನುಕರಿಸುತ್ತದೆ, ಪುಸ್ತಕಗಳಿಗೆ ಬರವಿಲ್ಲ, ಆದರೆ ಹೊರಗೂ ಒಳಗೂ ದುಡಿಯುವ ಹೆಂಗಸಿಗೆ ಆ ಹೊತ್ತೇ ಸಿಕ್ಕುವುದು ಕಷ್ಟವಾಗಿದೆ. ಹಳೆಯ ಸೆರಗೊಂದು ಕೈಗೆ ಸಿಕ್ಕಿದಾಗ ಅದರ ಅಂದವನ್ನು ಹೊಗಳಿ ಮಡಿಸಿಡುವುದು ಸುಲಭ. ಮಾಡಿದವಳು ಯಾರು, ಅಷ್ಟು ಹೊತ್ತನ್ನು ಅವಳು ಎಲ್ಲಿಂದ ತಂದಳು ಎಂದು ಮನೆಯ ಹಿರಿಯರನ್ನು ಕೇಳಿ, ತಿಳಿದಷ್ಟನ್ನು ಬರೆದಿಡುವುದಾದರೆ, ಶಾಸನಗಳು ಬಿಟ್ಟ ಚರಿತ್ರೆಯ ಒಂದು ಪುಟವನ್ನಾದರೂ ನಾವು ತುಂಬಿದಂತಾಗುವುದು. ಇಂದಿನವಳಿಗೂ ಅಂತಹ ಹೊತ್ತು ಸಿಗುವಂತೆ ಮಾಡುವುದು ಆ ಚರಿತ್ರೆಗೆ ಸಲ್ಲಿಸಬಹುದಾದ ನಿಜವಾದ ಗೌರವ.