ಹಡಗಿಗೆ ಹೊತ್ತೊಯ್ದ ನೀರು

ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ರಜೆಗೆ ಕ್ರೂಸ್ ಹೋಗುವವರ ಪಟ್ಟಿ ತಯಾರಾಗುತ್ತಿತ್ತು. ಮುಂಬೈ ಬಿಟ್ಟು ಗೋವಾ ಮುಟ್ಟಿ ಬರುವ ನಾಲ್ಕಾರು ದಿನದ ಪಯಣ. ಯಾರೋ ನಿಯಮಗಳ ಹಾಳೆಯನ್ನು ಹಾಕಿದರು. ಪಾಸ್‌ಪೋರ್ಟು, ಆಧಾರ್, ಈಜುಡುಗೆ ಯಾವುದರ ಬಗ್ಗೆಯೂ ಯಾರೂ ತಕರಾರು ಎತ್ತಲಿಲ್ಲ. ಜಗಳವಾದದ್ದು ಒಂದೇ ಸಾಲಿಗೆ: ಹೊರಗಿನ ಪಾನೀಯ ತರುವಂತಿಲ್ಲ. ನಮ್ಮ ದುಡ್ಡು, ನಮ್ಮ ಬಾಟಲಿ, ಇವರದ್ದೇನು ಎಂದು ಒಬ್ಬರು. ಮಗುವಿಗೆ ಕಾಯಿಸಿ ಆರಿಸಿದ ನೀರನ್ನೂ ಒಯ್ಯಬಾರದೇ ಎಂದು ಇನ್ನೊಬ್ಬರು. ವಿಸ್ಕಿಯ ಪ್ರಶ್ನೆ ನನ್ನನ್ನು ಅಷ್ಟೇನೂ ಕಾಡಲಿಲ್ಲ, ನೀರಿನ ಪ್ರಶ್ನೆ ಕಾಡಿತು. ಹಡಗು ಹತ್ತುವವನು ತನ್ನ ಕುಡಿಯುವುದನ್ನು ತಾನೇ ಒಯ್ಯುವುದು ಯಾವಾಗಿನಿಂದ ಅಪರಾಧವಾಯಿತು? ಹುಡುಕುತ್ತ ಹೋದರೆ ಸಿಕ್ಕಿದ್ದು ಬಾಟಲಿಯ ಇತಿಹಾಸ ಅನ್ನುವುದಕ್ಕಿಂತ ನಂಬಿಕೆಯ ಇತಿಹಾಸ.

ಹಾಯಿ ಹಡಗಿನ ಕಾಲದಲ್ಲಿ ಹಡಗೆಂದರೆ ಹೋಟೆಲಲ್ಲ, ತೇಲುವ ಖಾಲಿ ಜಾಗ. ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಭಾರತಕ್ಕೆ ಬರುವ ಪ್ರಯಾಣಿಕ ಹಣ ಕೊಟ್ಟು ಪಡೆಯುತ್ತಿದ್ದುದು ಬರಿಗೋಡೆಯ ಕ್ಯಾಬಿನ್. ಮಂಚ, ಮೇಜು, ಕುರ್ಚಿ, ದೀಪ ಎಲ್ಲವನ್ನೂ ತಾನೇ ಕೊಂಡು ಹತ್ತಿಸಬೇಕು, ಇಳಿದ ಮೇಲೆ ಮಾರಬೇಕು. ಅಟ್ಲಾಂಟಿಕ್ ದಾಟುತ್ತಿದ್ದ ಬಡ ವಲಸಿಗರಂತೂ ಹಿಟ್ಟು, ಆಲೂಗಡ್ಡೆ, ಪಾತ್ರೆ ಕಟ್ಟಿಕೊಂಡೇ ಬರುತ್ತಿದ್ದರು. ಹಡಗಿನವನು ಕೊಡಬೇಕಾದದ್ದು ನೀರು, ಅಡುಗೆಗೆ ಒಲೆ, ಮಲಗಲು ಹಲಗೆ.

ಆ ನೀರಾದರೂ ಎಂಥದ್ದು? ಮರದ ಪೀಪಾಯಿಯಲ್ಲಿ ತುಂಬಿದ ನೀರು ಕೆಲವೇ ವಾರಗಳಲ್ಲಿ ಪಾಚಿಗಟ್ಟಿ ನಾರುತ್ತಿತ್ತು. ಇಂಗ್ಲೆಂಡಿನಿಂದ ಇಲ್ಲಿಗೆ ತಿಂಗಳುಗಟ್ಟಲೆಯ ಹಾದಿ. ಬ್ರಿಟಿಷ್ ನೌಕಾಪಡೆಯ ನಾವಿಕನಿಗೆ ದಿನಕ್ಕೊಂದು ಗ್ಯಾಲನ್ ಬಿಯರ್ ಗೊತ್ತುಮಾಡಿದ್ದು ಅವನ ಮೇಲಿನ ಪ್ರೀತಿಯಿಂದಲ್ಲ, ಬಿಯರ್ ನೀರಿಗಿಂತ ತಡವಾಗಿ ಕೆಡುತ್ತದೆಂದು. ಬಿಸಿ ಸಮುದ್ರಗಳಲ್ಲಿ ಅದೂ ಉಳಿಯದಾದಾಗ ರಮ್ ಬಂತು. 1740ರ ಆಗಸ್ಟ್‌ನಲ್ಲಿ ಅಡ್ಮಿರಲ್ ಎಡ್ವರ್ಡ್ ವೆರ್ನನ್ ಆ ರಮ್ಮಿಗೆ ನೀರು ಬೆರೆಸಿಯೇ ಕೊಡಬೇಕೆಂದು ಅಪ್ಪಣೆ ಮಾಡಿದ. ಅವನು ತೊಡುತ್ತಿದ್ದ ಗ್ರೋಗ್ರಮ್ ಎಂಬ ಒರಟು ಬಟ್ಟೆಯ ನಿಲುವಂಗಿಯಿಂದಾಗಿ ಅವನಿಗೆ ಅಡ್ಡಹೆಸರೊಂದಿತ್ತು, ಅದೇ ಆ ಪಾನೀಯಕ್ಕೂ ಅಂಟಿ ‘ಗ್ರಾಗ್’ ಆಯಿತು. ಈ ದಿನನಿತ್ಯದ ರಮ್ ನಿಂತದ್ದು 1970ರ ಜುಲೈ 31ರಂದು. ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮರುವರ್ಷ!

ಆಗಿನ ಹಡಗಿನಲ್ಲಿ ಸ್ವಂತ ಸರಕು ಒಯ್ಯುವುದು ಅಧಿಕಾರಿಗಳ ಹಕ್ಕೂ ಆಗಿತ್ತು. ಕಂಪನಿಯ ಕಪ್ತಾನರಿಗೆ ಇಂತಿಷ್ಟು ಜಾಗದಲ್ಲಿ ಖಾಸಗಿ ವ್ಯಾಪಾರ ಮಾಡಿಕೊಳ್ಳಲು ಅನುಮತಿಯಿತ್ತು. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಬಿಯರ್ ತಯಾರಕರು ಹಡಗುಕಟ್ಟೆಗೆ ಹತ್ತಿರದವರು, ಉದ್ದ ಸಾಲ ಕೊಡುವವರು. ಕಪ್ತಾನರು ಅವರಿಂದ ಪೀಪಾಯಿ ಹತ್ತಿಸಿಕೊಂಡು ಕಲ್ಕತ್ತೆ, ಮದ್ರಾಸು, ಬೊಂಬಾಯಿಗಳಲ್ಲಿ ಮಾರಿ ಕಾಸು ಮಾಡಿಕೊಂಡರು. ಇವತ್ತು ಪುಣೆ, ಬೆಂಗಳೂರಿನ ಪಬ್ಬುಗಳಲ್ಲಿ ಐಪಿಎ ಎಂದು ಕೇಳಿ ಕುಡಿಯುವ ಬಿಯರಿನ ವಂಶಾವಳಿಯಲ್ಲಿ ಈ ಕಪ್ತಾನರ ಟ್ರಂಕುಗಳಿಗೂ ಜಾಗವಿದೆ. ಮಡೀರಾ ದ್ವೀಪದ ವೈನ್ ಕಥೆ ಇನ್ನೂ ಮಜವಾದದ್ದು. ಹಡಗಿನ ತಳದ ಸೆಕೆಯಲ್ಲಿ ಕುಲುಕಾಡಿ ಅದು ಕೆಡುವ ಬದಲು ರುಚಿಯಾಗುತ್ತಿತ್ತು, ಹಾಗಾಗಿ ಭಾರತಕ್ಕೆ ಹೋಗಿ ಬಂದ ಪೀಪಾಯಿಗೆ ಬೆಲೆ ಹೆಚ್ಚು.

ಇದೆಲ್ಲ ಅವರ ದಾಹ. ನಮ್ಮವರಿಗೆ ಹಡಗಿನಲ್ಲಿ ‘ನನ್ನದೇ ಪಾನೀಯ’ ಎಂದರೆ ಮದ್ಯವಾಗಿರಲಿಲ್ಲ, ನೀರಾಗಿತ್ತು. ನೀರು ಕೆಟ್ಟಿದೆಯೇ ಎಂಬುದಕ್ಕಿಂತ ನೀರನ್ನು ಮುಟ್ಟಿದವರು ಯಾರು ಎಂಬುದು ದೊಡ್ಡ ಪ್ರಶ್ನೆ. ಮೇಲುಜಾತಿಯವರಿಗೆ ಸಮುದ್ರ ದಾಟುವುದೇ ದೋಷ. ಆ ದೋಷದ ಬಹುಪಾಲು ಇದ್ದದ್ದು ಉಪ್ಪುನೀರಿನಲ್ಲಲ್ಲ, ಹಡಗಿನ ಅಡುಗೆಮನೆಯಲ್ಲಿ, ಒಂದೇ ತೊಟ್ಟಿಯಿಂದ ಎಲ್ಲರೂ ಮೊಗೆದು ಕುಡಿಯುವುದರಲ್ಲಿ. 1888ರ ಸೆಪ್ಟೆಂಬರ್ 4ರಂದು ಮುಂಬೈಯಿಂದ ಇಂಗ್ಲೆಂಡಿಗೆ ಹೊರಟ ಹದಿನೆಂಟು ವರ್ಷದ ಗಾಂಧಿಯನ್ನು ಅವರ ಜಾತಿಯವರು ಬಹಿಷ್ಕರಿಸಿದ್ದರು. ಮದ್ಯ, ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತು ಬೇರೆ. ಆ ಹುಡುಗ ಊಟದ ಮೇಜಿಗೇ ಹೋಗದೆ, ತಾನು ತಂದಿದ್ದ ಸಿಹಿತಿಂಡಿ, ಹಣ್ಣುಗಳನ್ನೇ ಹೆಚ್ಚಾಗಿ ತಿಂದುಕೊಂಡು ಕ್ಯಾಬಿನ್ನಿನಲ್ಲಿ ದಿನ ಕಳೆದ.

ನಮ್ಮ ಕರಾವಳಿಯವರಿಗೆ ಇದನ್ನು ಇಂಗ್ಲೆಂಡಿನವರೆಗೆ ಹೋಗಿ ತಿಳಿಯಬೇಕಾಗಿರಲಿಲ್ಲ. ಮಂಗಳೂರಿನಿಂದ ಮುಂಬೈಗೆ ಸ್ಟೀಮರ್ ಓಡುತ್ತಿದ್ದ ಕಾಲದಲ್ಲಿ, 1930ರ ದಶಕದ ಕೊನೆಗೆ, ನನ್ನ ಅಜ್ಜ ಹನ್ನೆರಡರ ಹುಡುಗನಾಗಿ ಹೋಟೆಲ್ ಕೆಲಸಕ್ಕೆಂದು ಇಲ್ಲಿಗೆ ಬಂದವರು. ಅವರಮ್ಮ ಅವಲಕ್ಕಿಯ ಗಂಟು, ತಾಮ್ರದ ಕುಜದಲ್ಲಿ ಬಾವಿ ನೀರು ಕೊಟ್ಟು, ಯಾರ ಕೈಯದ್ದೂ ಕುಡಿಯಬೇಡ ಎಂದಿದ್ದರಂತೆ. ಅವಲಕ್ಕಿ ನಂಚಿಕೊಳ್ಳಲು ಕೊಟ್ಟದ್ದು ಉಪ್ಪಿನಕಾಯಿ, ಕುಜದ ನೀರು ಮೊದಲ ದಿನವೇ ಖಾಲಿ! ಎರಡನೇ ದಿನ ಮಧ್ಯಾಹ್ನ ಡೆಕ್ಕಿನ ಮೇಲೆ ಪಕ್ಕದಲ್ಲಿ ಕೂತಿದ್ದ ಬ್ಯಾರಿ ಹೆಂಗಸೊಬ್ಬರು ಮುಖ ನೋಡಿಯೇ ಅರ್ಥಮಾಡಿಕೊಂಡು ತಮ್ಮ ಚೊಂಬು ಮುಂದೆ ಹಿಡಿದರು. ಅಜ್ಜ ಈ ಕಥೆ ಹೇಳುವಾಗ ನಗುತ್ತಿದ್ದರು, “ಮುಂಬೈಗೆ ಮುಟ್ಟುವ ಮೊದಲೇ ಮುಂಬೈಯವನಾದೆ” ಎನ್ನುತ್ತಿದ್ದರು. ಅವರಮ್ಮನಿಗೆ ಮಾತ್ರ ಕೊನೆಯವರೆಗೂ ಹೇಳಲಿಲ್ಲ.

ಸ್ವಂತ ನೀರು ಒಯ್ಯುವ ಈ ಹಟ ಅತಿರೇಕಕ್ಕೆ ಮುಟ್ಟಿದ್ದು 1902ರಲ್ಲಿ. ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಜೈಪುರದ ಮಹಾರಾಜ ಎರಡನೇ ಸವಾಯಿ ಮಾಧೋಸಿಂಗನಿಗೆ ಆಹ್ವಾನ ಬಂತು. ಹೋಗದಿದ್ದರೆ ಚಕ್ರವರ್ತಿಯ ಅಸಮಾಧಾನ, ಹೋದರೆ ಧರ್ಮಭ್ರಷ್ಟ. ಅವನು ಕಂಡುಕೊಂಡ ದಾರಿ ಸರಳ: ಹಡಗನ್ನೇ ತನ್ನದಾಗಿಸಿಕೊಳ್ಳುವುದು. ಆಗಷ್ಟೇ ಕಟ್ಟಿ ಮುಗಿಸಿದ್ದ ‘ಒಲಿಂಪಿಯಾ’ ಎಂಬ ಹಡಗನ್ನು ಬಾಡಿಗೆಗೆ ಹಿಡಿದ. ಹೊಸ ಹಡಗೇ ಏಕೆಂದರೆ ಅದರಲ್ಲಿ ಇನ್ನೂ ಗೋಮಾಂಸ ಬೆಂದಿರಲಿಲ್ಲ. ಒಳಗೆ ಆರಾಧ್ಯ ದೈವ ಗೋಪಾಲನಿಗೆ ಗುಡಿ, ಬ್ರಾಹ್ಮಣ ಅಡುಗೆಯವರು, ನೂರಕ್ಕೂ ಹೆಚ್ಚು ಪರಿವಾರ. ಮತ್ತೆ ನೀರು. ಅದಕ್ಕೆಂದು ಒಯ್ದದ್ದು ಬೆಳ್ಳಿಯ ಹಂಡೆಗಳು, ಹೆಸರು ಗಂಗಾಜಲಿ. ಸುಮಾರು 14,000 ಬೆಳ್ಳಿ ನಾಣ್ಯ ಕರಗಿಸಿ ಮಾಡಿದ ಒಂದೊಂದರ ತೂಕ 345 ಕಿಲೋ, ಎತ್ತರ 1.6 ಮೀಟರ್, ಹಿಡಿಯುವ ನೀರು 4,091 ಲೀಟರ್. ಬೆಳ್ಳಿಯ ವಸ್ತುಗಳಲ್ಲಿ ಜಗತ್ತಿನಲ್ಲೇ ದೊಡ್ಡವೆಂದು ಗಿನ್ನೆಸ್ ದಾಖಲೆಯಲ್ಲಿವೆ. ಮೂರು ಒಯ್ದರು, ಕೆಂಪು ಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಒಂದನ್ನು ವರುಣನಿಗೆ ಅರ್ಪಿಸಿದರು ಎಂಬ ಕಥೆಯಿದೆ. ಎರಡು ಇವತ್ತಿಗೂ ಜೈಪುರದ ಅರಮನೆಯ ದಿವಾನ್-ಇ-ಖಾಸ್‌ನಲ್ಲಿ ನಿಂತಿವೆ. ದೆಹಲಿಯಲ್ಲಿರುವ ಓದುಗರಲ್ಲಿ ಬಹಳ ಮಂದಿ ವಾರಾಂತ್ಯದಲ್ಲಿ ಅವುಗಳ ಮುಂದೆ ಸೆಲ್ಫಿ ತೆಗೆದಿರಬೇಕು.

ವಿಧಿಯ ಆಟ ನೋಡಿ. ಮಹಾರಾಜ ಲಂಡನ್ ಮುಟ್ಟಿದ ಮೇಲೆ ಎಡ್ವರ್ಡನಿಗೇ ಹೊಟ್ಟೆಯ ಕಾಯಿಲೆ. ಜೂನ್ 26ಕ್ಕಿದ್ದ ಪಟ್ಟಾಭಿಷೇಕ ಶಸ್ತ್ರಚಿಕಿತ್ಸೆಯಿಂದಾಗಿ ಆಗಸ್ಟ್ 9ಕ್ಕೆ ಹೋಯಿತು. ಗಂಗಾಜಲ ಇನ್ನೂ ಆರು ವಾರ ತಡೆಯಬೇಕಾಯಿತು.

ಈ ಕಥೆಯನ್ನು ನಮ್ಮಲ್ಲಿ ಹೆಚ್ಚಾಗಿ ಭಕ್ತಿಯ ಕಥೆಯೆಂದೋ ಸ್ವಾಭಿಮಾನದ ಕಥೆಯೆಂದೋ ಹೇಳುವುದುಂಟು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಗಂಗೆಯ ಮೇಲಿನ ಭಕ್ತಿ ನಿಜವಿರಬಹುದು, ಪರರಾಜ್ಯದಲ್ಲಿ ತಲೆಯೆತ್ತಿ ನಡೆದ ಠೀವಿಯೂ ನಿಜ. ಆದರೆ ಆ ಹಂಡೆಗಳ ಹೊಟ್ಟೆಯಲ್ಲಿ ನೀರಿನ ಜೊತೆಗೆ ಇನ್ನೊಬ್ಬರ ಕೈಯ ಮೇಲಿನ ಅಸಹ್ಯವೂ ಇತ್ತು. ಅದೇ ಕಾಲದಲ್ಲಿ, ಅದೇ ಸಮುದ್ರಗಳಲ್ಲಿ, ಕಲ್ಕತ್ತೆ, ಮದ್ರಾಸುಗಳಿಂದ ಕರಾರು ಕೂಲಿಗಳ ಹಡಗುಗಳೂ ಹೋಗುತ್ತಿದ್ದವು. 1834ರಿಂದ 1917ರವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಾರಿಷಸ್, ಗಯಾನಾ, ಟ್ರಿನಿಡಾಡ್, ಸುರಿನಾಮ್, ಫಿಜಿಗಳಿಗೆ ಹೋದರು. ಅವರಿಗೆ ಬೆಳ್ಳಿಯ ಹಂಡೆ ಹಾಗಿರಲಿ, ಮಣ್ಣಿನ ಕುಡಿಕೆಯನ್ನೂ ತಮ್ಮದೆಂದು ಬೇರೆ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಹಡಗಿನವರು ಅಳೆದು ಕೊಟ್ಟ ನೀರನ್ನು ಎಲ್ಲರೂ ಕುಡಿದರು. ರೋಗ, ಹೊಡೆತ, ಸಾವು ಎಲ್ಲ ಕಂಡ ಆ ಪಯಣವನ್ನು ಯಾರೂ ಚಂದದ್ದೆಂದು ಹೇಳಲಾರರು. ಆದರೂ ಅಲ್ಲಿಂದ ಹುಟ್ಟಿದ ಒಂದು ಸಂಬಂಧಕ್ಕೆ ಹೆಸರಿದೆ, ‘ಜಹಾಜಿ ಭಾಯಿ’. ಒಂದೇ ಹಡಗಿನಲ್ಲಿ ಬಂದವರು ಅಣ್ಣತಮ್ಮಂದಿರು, ಜಾತಿ ಯಾವುದೇ ಇರಲಿ. ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಆ ನಂಟನ್ನು ರಕ್ತಸಂಬಂಧದಂತೆ ಕಾಪಾಡಿಕೊಂಡವರಿದ್ದಾರೆ.

ಇತ್ತ ಸಿರಿವಂತರ ಉಗಿಹಡಗುಗಳು ಮೆಲ್ಲಗೆ ಹೋಟೆಲುಗಳಾದವು. ಪಿ ಅಂಡ್ ಓ ಕಂಪನಿ ಭಾರತದ ದಾರಿಯಲ್ಲಿ ಓಡಾಡಿದ ಮೊದಲ ದಶಕಗಳಲ್ಲಿ ಟಿಕೆಟ್ ದರದಲ್ಲೇ ವೈನ್, ಬಿಯರ್ ಸೇರಿತ್ತು, ಮನೆಯಿಂದ ತರುವ ಪ್ರಶ್ನೆಯೇ ಇಲ್ಲ. ಮುಂದೆ ಪೈಪೋಟಿ ಹೆಚ್ಚಿ ದರ ಇಳಿಯಿತು, ಕುಡಿದದ್ದಕ್ಕೆ ಬೇರೆ ಚೀಟಿ ಬಂತು. ಆ ಚೀಟಿ ಬಂದ ದಿನವೇ ಪ್ರಯಾಣಿಕನ ಟ್ರಂಕಿನ ಬಾಟಲಿ ಕಂಪನಿಯ ಎದುರಾಳಿಯಾಯಿತು ಎಂದು ನನ್ನ ಊಹೆ.

ಸರ್ಕಾರಗಳು ನಡುವೆ ಬಂದದ್ದು ಆಮೇಲೆ. 1920ರ ಜನವರಿಯಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಯಾಯಿತು. ಅಮೆರಿಕದ ಹಡಗುಗಳು ಒಣಗಿದವು, ಬ್ರಿಟಿಷ್ ಹಡಗುಗಳಲ್ಲಿ ಬಾರ್ ತೆರೆದೇ ಇತ್ತು, ಪ್ರಯಾಣಿಕರು ಎತ್ತ ಹೋದರೆಂದು ಬೇರೆ ಹೇಳಬೇಕಿಲ್ಲ. ಕ್ಯೂನಾರ್ಡ್ ಕಂಪನಿಯ ದಾವೆಯಲ್ಲಿ 1923ರ ಏಪ್ರಿಲ್ 30ರಂದು ಅಲ್ಲಿನ ಸುಪ್ರೀಂ ಕೋರ್ಟು ವಿಚಿತ್ರ ತೀರ್ಪು ಕೊಟ್ಟಿತು. ಅಮೆರಿಕದ ಹಡಗು ನಡುಸಮುದ್ರದಲ್ಲಿ ಮದ್ಯ ಕೊಡಬಹುದು, ಆದರೆ ಯಾವ ದೇಶದ ಹಡಗೇ ಆಗಲಿ, ದಡದಿಂದ ಮೂರು ಮೈಲಿಯೊಳಗೆ ಸೀಲು ಮಾಡಿದ ಬಾಟಲಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಆ ಜೂನ್‌ನಲ್ಲಿ ನ್ಯೂಯಾರ್ಕಿಗೆ ಬಂದ ‘ಬೆರೆಂಗೇರಿಯಾ’, ‘ಬಾಲ್ಟಿಕ್’ ಹಡಗುಗಳಲ್ಲಿ ಬ್ರಿಟಿಷ್ ಸರ್ಕಾರದ ಸೀಲನ್ನೇ ಒಡೆದು ಸುಂಕದವರು ಮದ್ಯ ಹೊತ್ತೊಯ್ದರು. ಮರುವರ್ಷ ಒಪ್ಪಂದವಾಗಿ ಸೀಲಿಗೆ ಮರ್ಯಾದೆ ಸಿಕ್ಕಿತು. ಬದಲಿಗೆ ದಡದಿಂದ ಒಂದು ಗಂಟೆಯ ಹಾದಿಯವರೆಗೆ ಕಳ್ಳಸಾಗಣೆಯ ಹಡಗುಗಳನ್ನು ತಡೆದು ಹುಡುಕಲು ಬ್ರಿಟನ್ ಒಪ್ಪಿತು.

ನಾವಿರುವ ಮುಂಬೈ ಕೂಡ ಈ ಆಟ ಆಡಿದೆ. 1949ರ ಮುಂಬೈ ಪಾನನಿಷೇಧ ಕಾಯ್ದೆಯನ್ನು ಬಾಲ್ಸಾರಾ ಎಂಬ ನಾಗರಿಕ ಕೋರ್ಟಿನಲ್ಲಿ ಪ್ರಶ್ನಿಸಿದರು. ಊರಿನವರಿಗೆಲ್ಲ ಬೇಡವೆಂದ ಮೇಲೆ ಯುದ್ಧನೌಕೆ, ಸೇನಾ ಹಡಗು, ಸೈನಿಕರ ಕ್ಯಾಂಟೀನುಗಳಿಗೆ ಮಾತ್ರ ವಿದೇಶಿ ಮದ್ಯದ ವಿನಾಯಿತಿ ಏಕೆ ಎಂಬುದೂ ವಾದದಲ್ಲಿತ್ತು. 1951ರಲ್ಲಿ ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಆಲ್ಕೊಹಾಲ್ ಬೆರೆತ ಔಷಧಿ, ಸುಗಂಧದಂಥ ವಸ್ತುಗಳ ಮೇಲಿನ ಕಟ್ಟನ್ನು ಮಾತ್ರ ಸಡಿಲಿಸಿತು. ಗೇಟ್‌ವೇ ಬಳಿ ದಡದಲ್ಲಿ ನಿಂತವನಿಗೆ ಪರ್ಮಿಟ್ ಬೇಕು, ಎದುರಿಗೆ ಲಂಗರು ಹಾಕಿದ ಯುದ್ಧನೌಕೆಯ ಮೇಲಿದ್ದವನ ಮಾತೇ ಬೇರೆ.

ಈಗಿನ ಕ್ರೂಸ್ ಬೇರೆಯೇ ಪ್ರಾಣಿ. 1972ರಲ್ಲಿ ಟೆಡ್ ಆರಿಸನ್ ಮಯಾಮಿಯಿಂದ ಕಾರ್ನಿವಲ್ ಕಂಪನಿಯ ಮೊದಲ ಹಡಗನ್ನು ಬಿಟ್ಟಾಗ ಅದು ಬಂದರು ದಾಟುವ ಮೊದಲೇ ಮರಳಿನಲ್ಲಿ ಹೂತುಕೊಂಡಿತು. ಆಮೇಲೆ ಆ ಕಂಪನಿಯೂ ಅದರ ಓರಗೆಯವರೂ ಕಲಿತ ಪಾಠ, ಟಿಕೆಟ್ ಅಗ್ಗವಾಗಿರಲಿ, ಹತ್ತಿದವನು ಒಳಗೆ ಖರ್ಚುಮಾಡಲಿ. 2019ರಲ್ಲಿ ಕಾರ್ನಿವಲ್ ಸಮೂಹದ ವರಮಾನ ಸುಮಾರು 2,080 ಕೋಟಿ ಡಾಲರ್. ಅದರಲ್ಲಿ ಹತ್ತಿರಹತ್ತಿರ ಶೇಕಡಾ 30 ಬಂದದ್ದು ಹಡಗಿನೊಳಗಿನ ಬಾರು, ಜೂಜು, ಅಂಗಡಿ ಇತ್ಯಾದಿಗಳಿಂದ. ಹೀಗಿರುವಾಗ ಸೂಟ್‌ಕೇಸಿನ ಬಾಟಲಿಯನ್ನು ಸುಮ್ಮನೆ ಬಿಟ್ಟಾರೆಯೇ? ಪ್ರಯಾಣಿಕರೂ ಕಡಿಮೆಯಿಲ್ಲ. ಬಾಯಿ ಮುಕ್ಕಳಿಸುವ ದ್ರಾವಣದ ಬಾಟಲಿಯಲ್ಲಿ ಹಸಿರು ಬಣ್ಣ ಬೆರೆಸಿದ ವೋಡ್ಕಾ, ಎಕ್ಸ್‌ರೇಗೆ ಸಿಗದಂತೆ ಮಡಚುವ ಪ್ಲಾಸ್ಟಿಕ್ ಚೀಲ, ಮತ್ತೆ ನೀರಿನ ಬಾಟಲಿಯಲ್ಲಿ ನೀರಿನಂತೆಯೇ ಕಾಣುವ ಜಿನ್.

ಆ ಕೊನೆಯದ್ದೇ ನೀರಿಗೆ ಮುಳುವಾದದ್ದು. 2015ರಲ್ಲಿ ಕಾರ್ನಿವಲ್ ಬಾಟಲಿ ನೀರು ತರುವುದನ್ನೇ ನಿಲ್ಲಿಸಿತು. ಪ್ರತಿ ಬಾಟಲಿಯನ್ನೂ ಮೂಸಿ ನೋಡಲು ಸಮಯವಿಲ್ಲ ಎಂಬಂಥ ಕಾರಣ. ತಂಪು ಪಾನೀಯವಾದರೆ ತಲೆಗೆ ಹನ್ನೆರಡು ಡಬ್ಬಿ, ದೊಡ್ಡವರಿಗೆ ಮೊದಲ ದಿನ 750 ಮಿಲಿಲೀಟರಿನ ಒಂದು ವೈನ್ ಬಾಟಲಿ. ಮಾಧೋಸಿಂಗನ ಹಡಗಿನಲ್ಲಿ ಬೇರೆಯವರ ನೀರಿಗೆ ಪ್ರವೇಶವಿರಲಿಲ್ಲ, ಈ ಹಡಗಿನಲ್ಲಿ ನಮ್ಮ ನೀರಿಗಿಲ್ಲ. ಅವನಿಗೆ ನೀರು ಕೊಡುವ ಕೈಯ ಮೇಲೆ ಅನುಮಾನ, ಇವರಿಗೆ ನೀರು ತರುವ ಕೈಯ ಮೇಲೆ. ನನ್ನ ಅಜ್ಜನಿಗೆ ಚೊಂಬು ನೀಡಿದ ಆ ಹೆಂಗಸು ಇವತ್ತು ಸಾಲಿನಲ್ಲಿ ನಿಂತಿದ್ದರೆ ಚೊಂಬನ್ನು ಗೇಟಿನಲ್ಲೇ ಖಾಲಿಮಾಡಿಸುತ್ತಿದ್ದರು.

ವಿನಾಯಿತಿ ಎರಡಕ್ಕಿತ್ತು: ಕಾಯಿಲೆಯವರ ಉಪಕರಣಕ್ಕೆ ಬೇಕಾದ ಭಟ್ಟಿ ಇಳಿಸಿದ ನೀರು, ಎಳೆಮಗುವಿನ ಹಾಲಿನ ಪುಡಿಗೆ ಬೆರೆಸುವ ನೀರು.