ಉಪಾಧಿಯಿಲ್ಲದ ನೆರವು

ವೈದ್ಯಕೀಯ ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವ ಧರ್ಮದರ್ಶಿಗಳು ಆನಂದಿಬಾಯಿ ಜೋಶಿಯವರ ವೃತ್ತಾಂತವನ್ನು ಒಮ್ಮೆ ಅವಲೋಕಿಸುವುದು ಯುಕ್ತ.

ಅವರ ಪತಿ ಗೋಪಾಲರಾಯರು ಅಂಚೆ ಇಲಾಖೆಯ ನೌಕರರು. ಪತ್ನಿಯನ್ನು ಅಮೆರಿಕದಲ್ಲಿ ಓದಿಸಲು ನೆರವು ಕೋರಿ ಅವರು ಪಾದ್ರಿ ರಾಯಲ್ ವೈಲ್ಡರ್ ಅವರಿಗೆ ಪತ್ರ ಬರೆದರು. ಮತಾಂತರಗೊಂಡರೆ ಸಹಾಯವುಂಟೆಂಬ ಉತ್ತರ ಬಂದಿತು. ದಂಪತಿಗಳು ಒಪ್ಪಲಿಲ್ಲ. ಆದರೆ ವೈಲ್ಡರ್ ಆ ಪತ್ರಗಳನ್ನು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದ್ದೇ ಉಪಕಾರವಾಯಿತು. ಅದನ್ನೋದಿದ ನ್ಯೂಜೆರ್ಸಿಯ ರೋಸೆಲ್ ಊರಿನ ಗೃಹಿಣಿ ಥಿಯೊಡಿಸಿಯಾ ಕಾರ್ಪೆಂಟರ್, ಯಾವ ಉಪಾಧಿಯನ್ನೂ ಒಡ್ಡದೆ ತಮ್ಮ ಮನೆಯಲ್ಲಿ ಆಶ್ರಯವಿತ್ತರು.

1883ರಲ್ಲಿ ಆನಂದಿಬಾಯಿ ಸೆರಾಂಪುರದ ಸಭೆಯೊಂದರಲ್ಲಿ, ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಮರಳುವೆನೆಂದು ಸಾರಿದರು. ಆ ಭಾಷಣದ ತರುವಾಯ ದೇಣಿಗೆಗಳು ಬಂದವು. ಅದೇ ಜೂನ್‌ನಲ್ಲಿ ಅಮೆರಿಕ ತಲುಪಿ, ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಅವರು ಬರೆದ ಅರ್ಜಿ ಮನನಯೋಗ್ಯವಾದುದು. ತನಗಾಗಿ ಏನೂ ಬೇಡ, ತಾನು ಕೈಗೊಂಡ ಕಾರ್ಯಕ್ಕೆ ಅಣಿಯಾಗಲು ಅವಶ್ಯವಾದುದೆಲ್ಲವೂ ದೊರೆಯಲಿ ಎಂಬುದು ಅದರ ಸಾರ. (ಇಂದಿನ ಎಷ್ಟೋ ಅರ್ಜಿ ನಮೂನೆಗಳಲ್ಲಿ ಮನೆತನದ ವಿವರಕ್ಕಿರುವಷ್ಟು ಸ್ಥಳ ಈ ಮಾತಿಗಿಲ್ಲ.)

1886ರ ಮಾರ್ಚ್‌ನಲ್ಲಿ ಪದವಿ ದೊರೆಯಿತು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗದ ಹೊಣೆ ಅವರಿಗಾಗಿ ಕಾದಿತ್ತು. ಆದರೆ ಕ್ಷಯರೋಗದಿಂದ 1887ರ ಫೆಬ್ರವರಿ 26ರಂದು ತೀರಿಕೊಂಡರು. 22 ವರ್ಷವೂ ತುಂಬಿರಲಿಲ್ಲ. ಕೊಟ್ಟ ಹಣಕ್ಕೆ ಫಲವೆಷ್ಟೆಂದು ಕೇಳುವ ಲೆಕ್ಕಿಗನಿಗೆ ಇದು ನಷ್ಟದ ಬಾಬ್ತು. ಕಾರ್ಪೆಂಟರ್ ಹಾಗೆ ಎಣಿಸಲಿಲ್ಲ. ಆನಂದಿಬಾಯಿಯವರ ಚಿತಾಭಸ್ಮವನ್ನು ತರಿಸಿಕೊಂಡು, ಪೌಕೀಪ್ಸಿಯಲ್ಲಿದ್ದ ತಮ್ಮ ಕುಟುಂಬದ ಸಮಾಧಿಸ್ಥಳದಲ್ಲಿಯೇ ಇರಿಸಿದರು.